ಸಮಾಧಾನಪ್ಪನವರ ಸಿಟ್ಟು

ಶಿಡ್ಲಘಟ್ಟದ ನಮ್ಮ ಕ್ರೈಸ್ತ ಸಭೆಯ ಹಿರಿಯರಾದ ಸಮಾಧಾನಪ್ಪನವರು ಹೆಸರಿಗಷ್ಟೇ ಸಮಾಧಾನ. ಭಾನುವಾರ ಪ್ರಸಂಗಕ್ಕೆ ನಿಂತರೆ ಅವರ ದನಿ ರೇಷ್ಮೆಗೂಡಿನ ಮಾರ್ಕೆಟ್ಟಿನವರೆಗೂ ಕೇಳುತ್ತದೆ. "ದೇವ್ರಿಗೆ ಪಾಪ ಕಂಡ್ರೆ ಮಾತ್ರ ಆಗಲ್ಲ ಅಂತ ಮೆತ್ತಗೆ ಹೇಳ್ಬೇಡ್ರಪ್ಪ! ಪಾಪಿ ಕಂಡ್ರೂ ಆಗಲ್ಲ, ಬೈಬಲ್‌ನಲ್ಲಿ ಕೀರ್ತನೆ ತೆಗೆದು ನೋಡ್ರಿ!" ಎಂದು ಗುಡುಗಿ, ಕುಡುಕರಿಂದ ಹಿಡಿದು ಚರ್ಚಿನ ಬಾಗಿಲಲ್ಲಿ ಚಪ್ಪಲಿ ಕದಿಯುವವರವರೆಗೆ ಎಲ್ಲರನ್ನೂ ನರಕಕ್ಕೆ ಅಟ್ಟುತ್ತಾರೆ. "ಹಂಗಾದ್ರೆ ಪ್ರೀತಿ ಎಲ್ಲಣ್ಣ?" ಎಂದು ನಾನು ಕೇಳಿದರೆ, "ಅಷ್ಟು ಸಿಟ್ಟಿರೋವಾಗ್ಲೇ ಕಣಮ್ಮ ದೇವ್ರು ಪಾಪಿಗಳಿಗೋಸ್ಕರ ತನ್ನ ಮಗನ್ನ ಕೊಟ್ಟಿದ್ದು" ಎನ್ನುತ್ತಾರೆ. ಆರಾಧನೆ ಮುಗಿದದ್ದೇ ಡ್ರೈವರ್ ಕೋನಪ್ಪನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು, "ಗಟ್ಟಿಯಾಗಿ ಹಿಡ್ಕೊಳೋ ಪಾಪಿ, ಬಿದ್ದೀಯ!" ಎಂದು ಬೈಯುತ್ತಲೇ ಮೇಲೂರಿನ ತಮ್ಮ ಮನೆಗೆ ಊಟಕ್ಕೆ ಕರೆದೊಯ್ಯುತ್ತಾರೆ. ಕುಡಿದು ಲಾರಿ ಹತ್ತಿಸಿ ಅವರ ಒಬ್ಬನೇ ಮಗನನ್ನು ಕೊಂದವನು ಆ ಕೋನಪ್ಪನೇ.