ಡಿಸ್ಕ್ ಮೇಲಿನ ಕುಂಕುಮ

ಎಂಬತ್ತರ ದಶಕದ ಕೊನೆಯಲ್ಲಿ ತುಮಕೂರಿನ ನಮ್ಮ ಕಚೇರಿಗೆ ಕಂಪ್ಯೂಟರ್ ಬಂತು. ಎಸ್ಸೆಸ್ಸೆಲ್ಸಿ ಓದಿದ್ದ ನನಗೆ ಎರಡು ತಿಂಗಳು ತರಬೇತಿ ಕೊಡಿಸಿ ಅದರ ಉಸ್ತುವಾರಿಗೆ ಕೂರಿಸಿದರು. ಗುಬ್ಬಿಯಿಂದ ದಿನವೂ ರೈಲಿನಲ್ಲಿ ಬರುತ್ತಿದ್ದ ಒಬ್ಬ ಹೆಂಗಸು, ಮನೆಯಿಲ್ಲದವರು ಸೈಟಿಗಾಗಿ ಕೊಟ್ಟ ಅರ್ಜಿಗಳನ್ನು ಅದಕ್ಕೆ ಟೈಪ್ ಮಾಡುತ್ತಿದ್ದಳು. ಆಕೆಯದು ದಿನಗೂಲಿಯ ಕೆಲಸ. ಪಟ್ಟಿ ಮುಗಿಸಿದರೆ ಕಾಯಂ ಮಾಡಿಸುತ್ತೇನೆಂದು ಸಾಹೇಬರು ಮಾತು ಕೊಟ್ಟಿದ್ದರು. ಎಂಟು ತಿಂಗಳು ಆಕೆ ಒಂದು ದಿನವೂ ತಪ್ಪಿಸಲಿಲ್ಲ.

ಪಟ್ಟಿ ಇನ್ನೇನು ಮುಗಿಯಬೇಕು ಎನ್ನುವಾಗ ಅದನ್ನು ಉಳಿಸಿಡುವ ಡಿಸ್ಕ್ ತುಂಬಿತು. ಬೆಂಗಳೂರಿನಿಂದ ಇನ್ನೊಂದು ಬಂತು, ಹಳೆಯದರಂಥದೇ ಬೂದು ಪೆಟ್ಟಿಗೆ. ಯಾವುದರಲ್ಲಿ ಎಷ್ಟು ತುಂಬಿದೆಯೆಂದು ಪರದೆಯ ಮೇಲೆ ನೋಡಿ, ಬಳಸುವ ಮುನ್ನ ಖಾಲಿಯದನ್ನು ಮಾತ್ರ ಫಾರ್ಮ್ಯಾಟ್ ಮಾಡಬೇಕು. ಮಾಡಿದರೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ. ನಾನು ಸುಲಭ ದಾರಿ ಹಿಡಿದೆ. ಗುರುತಿಗೆಂದು ಹಳೆಯದರ ನೆತ್ತಿಗೆ ಕುಂಕುಮದ ಬೊಟ್ಟಿಟ್ಟೆ.

ಮಾರನೆಯ ದಿನ ಆಯುಧಪೂಜೆ. ಪೆಟ್ಟಿಗೆಗಳನ್ನು ಒರೆಸಿ ಪೂಜೆ ಮಾಡುವ ಕೆಲಸ ಆಕೆಯದು.

"ಒಣ ಬಟ್ಟೇಲೇ ಒರೆಸಮ್ಮ. ನೀರು ತಾಗಿದ್ರೆ ಸತ್ತೋಗ್ತದೆ" ಎಂದೆ.

"ಗೊತ್ತು ಬುಡಣ್ಣ. ನಿಮಗಿಂತ ನಂಗೇ ಅದ್ರ ಮೇಲೆ ಪ್ರಾಣ" ಎಂದು ನಕ್ಕಳು.

ಆ ಸಂಜೆ ಹಬ್ಬಕ್ಕೆ ಊರಿಗೆ ಹೊರಡುವ ಮೊದಲು, ಡಿಸ್ಕ್ ಕೆಟ್ಟರೂ ಉಳಿಯಲೆಂದು ಪಟ್ಟಿಯನ್ನು ಟೇಪಿಗೆ ನಕಲು ಮಾಡಬೇಕಿತ್ತು. ಅದಕ್ಕೆ ಎರಡು ಗಂಟೆ ಬೇಕು, ಊರ್ಡಿಗೆರೆಯ ಬಸ್ಸು ತಪ್ಪುತ್ತದೆ. ನಕಲು ಆಯಿತೆಂದು ಪುಸ್ತಕದಲ್ಲಿ ಬರೆದು ಸಹಿ ಹಾಕಿ ಬಸ್ಸು ಹತ್ತಿದೆ.

ರಜೆ ಮುಗಿಸಿ ಬಂದರೆ ಎರಡು ಪೆಟ್ಟಿಗೆಗೂ ಕುಂಕುಮ. ಪೂಜೆಯೆಂದ ಮೇಲೆ ಒಂದಕ್ಕಿಟ್ಟು ಇನ್ನೊಂದಕ್ಕೆ ಬಿಡುತ್ತಾರೆಯೇ? ಆಗಲಾದರೂ ಪರದೆ ನೋಡಬಹುದಿತ್ತು, ಅರ್ಧ ನಿಮಿಷದ ಕೆಲಸ. ಹಳೆಯದು ಎಡಗಡೆಯದು ಎಂಬ ನೆನಪಿನ ಮೇಲೆ ಬಲಗಡೆಯದನ್ನು ಫಾರ್ಮ್ಯಾಟ್ ಮಾಡಿದೆ. ಒರೆಸುವಾಗ ಅವು ಜಾಗ ಬದಲಾಯಿಸಿದ್ದವು.

ಆಮೇಲೆ ಪರದೆ ನೋಡಿದೆ. ಪಟ್ಟಿ ಇಲ್ಲ. ಮತ್ತೆ ನೋಡಿದೆ. ಬರುತ್ತದೇನೋ ಎಂದು ಒಂದೇ ಆಜ್ಞೆಯನ್ನು ಎಷ್ಟು ಸಲ ಒತ್ತಿದೆನೋ.

ಸಾಹೇಬರು ಬಂದರು. "ಟೇಪಲ್ಲಿ ಇರ್ಬೇಕಲ್ರೀ?"

"ಟೇಪೂ ಕೆಟ್ಟೋಗಿದೆ ಸಾರ್. ಪೂಜೆ ದಿನ ಈಯಮ್ಮ ಎಲ್ಲಾನೂ ಒದ್ದೆ ಬಟ್ಟೇಲಿ ಒರೆಸವ್ರೆ" ಎಂದೆ.

ಆಕೆ ಮೇಜಿನ ಖಾನೆಯಿಂದ ಆ ಬಟ್ಟೆ ತೆಗೆದು ಚಾಚಿದಳು. "ಮುಟ್ಟಿ ನೋಡಿ ಸಾರ್, ಒಣಗೇ ಐತೆ."

"ಮೂರು ದಿನ ಆದ್ಮೇಲೆ ಒಣಗದೆ ಇನ್ನೇನಮ್ಮ?" ಎಂದರು ಸಾಹೇಬರು. ಯಾರೋ ನಕ್ಕರು.

ಆಕೆ ನನ್ನ ಕಡೆ ತಿರುಗಿದಳು. "ಅಣ್ಣಾ, ನೀವೇ ಹೇಳಿ. ಒಣ ಬಟ್ಟೆ ಅಂತ ನೀವೇ ಹೇಳಿದ್ರಲ್ವಾ?"

ನಾನು ಕೀಲಿಮಣೆ ನೋಡುತ್ತ ಕುಳಿತೆ.

ಮರುದಿನದಿಂದ ಆಕೆಗೆ ಬರಬೇಡವೆಂದರು. ತಪ್ಪೊಪ್ಪಿಕೊಳ್ಳಬೇಕೆಂದು ಎರಡು ಸಲ ಗುಬ್ಬಿಗೆ ಹೋಗಿ, ಎರಡು ಸಲವೂ ಸ್ಟೇಷನ್ನಿನಿಂದಲೇ ಹಿಂದಿರುಗಿದೆ. ಪಟ್ಟಿಯನ್ನು ಮೊದಲಿನಿಂದ ಟೈಪ್ ಮಾಡುವ ಕೆಲಸ ನನ್ನ ಪಾಲಿಗೇ ಬಂತು. ತಾನು ಮುಗಿಸಿದ ಪ್ರತಿ ಅರ್ಜಿಯ ಮೂಲೆಯಲ್ಲೂ ಆಕೆ ಪೆನ್ಸಿಲಿನಲ್ಲಿ ಸಣ್ಣ ಗೆರೆ ಎಳೆದಿದ್ದಳು. ತಿಂಗಳುಗಟ್ಟಲೆ ಆ ಗೆರೆಗಳನ್ನು ನೋಡುತ್ತ ಟೈಪ್ ಮಾಡಿದೆ. ಕೊನೆಯದಾಗಿ ಉಳಿದಿದ್ದ, ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ಕಂತೆ ಬಿಚ್ಚಿದೆ. ಗೆರೆಯಿಲ್ಲದ ಅರ್ಜಿಗಳು ಅಡಿಯಲ್ಲಿದ್ದವು. ಆಕೆಗೆ ಉಳಿದಿದ್ದುದು ಆರೇ ಆರು.