ಚಿಕ್ಕಮ್ಮನ ಬೆರಳು, ಕಚೇರಿಯ ಎಸಿ

ಗೆಳೆಯರೇ, ಚಿಕ್ಕಮ್ಮನ ಪಿಂಚಣಿಗೆ ಬೆರಳಚ್ಚು ಕೊಡಿಸಲು ಇವತ್ತು ಬೇಗೂರಿನಿಂದ ಹೊಸ ಸರ್ಕಾರಿ ಕಟ್ಟಡಕ್ಕೆ ಹೋಗಿದ್ದೆವು. ಹೊರಗೆ ಹಿತವಾದ ಬಿಸಿಲು, ಒಳಗೆ ಹದಿನೆಂಟು ಡಿಗ್ರಿ ಎಸಿ. ಎರಡು ಗಂಟೆ ಕಾದು ಮರಗಟ್ಟಿದ ಅವಳ ಬೆರಳನ್ನು ಯಂತ್ರ ಒಪ್ಪಲೇ ಇಲ್ಲ.

"ಅಮ್ಮೇ, ನಾಳೆ ವರೂ," ಎಂದರು ಸ್ವೆಟರ್ ತೊಟ್ಟ ಮಲಯಾಳಿ ಕ್ಲರ್ಕ್ ಮೇಡಂ. ನಾಳೆ ಬನ್ನಿ ಅಂತ.

"ಎಸಿ ಆರಿಸಿ ಮೇಡಂ," ಎಂದೆ.

"ಆರಿಸಿದರೆ ಸೆಕೆ. ಎಸಿ ಹಾಲ್‌ನಲ್ಲಿ ಕಿಟಕಿ ತೆಗೆಯೋ ಹಾಗಿಲ್ಲ."

ಚಿಕ್ಕಮ್ಮ ಎದ್ದು ಮೇಡಂಗೆ ಹೇಳಿದಳು, "ಇರು ಮಗಳೇ, ಬಿಸಿಲಲ್ಲಿ ಕೈ ಕಾಯಿಸ್ಕೊಂಡು ಬರ್ತೀನಿ."

ಹತ್ತು ನಿಮಿಷ ಬಿಟ್ಟು ಬಂದು ಬೆರಳಿಟ್ಟಳು. ಒಂದೇ ಸಲಕ್ಕೆ ಆಯಿತು!

ಮೇಡಂ ನಕ್ಕುಬಿಟ್ಟರು. ತಾವೇ ಎಸಿ ಆರಿಸಿ, ಬೀಗ ತೆಗೆದು ಕಿಟಕಿಗಳನ್ನು ತೆರೆದರು. ಸಾಲಿನಲ್ಲಿದ್ದ ಅಜ್ಜಿಯರೆಲ್ಲ ಬಿಗಿದು ಹೊದ್ದಿದ್ದ ಸೆರಗು ಸಡಿಲಿಸಿದರು.

ಅಷ್ಟು ದೊಡ್ಡ ಕಟ್ಟಡದಲ್ಲಿ ಕರೆಂಟಿಲ್ಲದೆ ಕೆಲಸ ಮಾಡುವುದು ಕಿಟಕಿ ಒಂದೇ. ಅದಕ್ಕೇ ಬೀಗ ಹಾಕಿಟ್ಟಿದ್ದರು ನೋಡಿ!