ನಾಲ್ಕು ಹನಿ ನೀರು, ವಾರದ ಕೆಂಪು

ರೊಟ್ಟಿ ತಟ್ಟಿದೆ, ಅತ್ತೆಯ ಕಣ್ಣಿಗೆ ಔಷಧಿ ಬಿಟ್ಟೆ, ಬಸ್ ಹಿಡಿದು ಹುಲ್ಲುಗಾವಲಿನಲ್ಲಿರುವ ಸಂಶೋಧನಾ ಕೇಂದ್ರಕ್ಕೆ ಹೋದೆ, ನೆಲ ಒರೆಸಿದೆ, ಬಾಟಲಿ ತೊಳೆದೆ, ಹಳದಿ ನೂಲು ಕತ್ತರಿಸಿದೆ. ಗುಂಡು ತೂರದ ಅಂಗಿಗೆ ಬಳಸುವ ನೂಲದು. ದ್ರಾವಣದಲ್ಲಿ ಒಂದು ವಾರ ತಿರುಗಿಸಿದರೆ ಕಣ್ಣಿಗೆ ಕಾಣದ ಎಳೆಗಳಾಗಿ ಬಿಡಿಸಿಕೊಂಡು, ದ್ರಾವಣ ಕೆಂಪಾಗುತ್ತದೆ. ಆ ಎಳೆಗಳಿಂದ ಗಟ್ಟಿ ಕಾಗದ ಮಾಡುತ್ತಾರೆ. ನೂಲನ್ನು ಕಾಗದ ಮಾಡಲು ಅಷ್ಟೆಲ್ಲ ಓದಿರಬೇಕು.

ನಾನು ಮೊಳಕಾಲ್ಮೂರಿನ ಮಗ್ಗದ ಮನೆಯವಳು. ಒಣಹವೆಗೆ ರೇಷ್ಮೆ ಎಳೆ ಹರಿಯಬಾರದೆಂದು ನೀರು ಚಿಮುಕಿಸುವುದು ಕೈಗೆ ಅಂಟಿದ ಅಭ್ಯಾಸ. ಇಂದು ಈ ನೂಲಿಗೂ ಚಿಮುಕಿಸಿ, ಯಂತ್ರದಲ್ಲಿ ತಿರುಗುತ್ತಿದ್ದ ದ್ರಾವಣದ ಬಾಟಲಿಗೆ ಹಾಕಿದೆ.

ಪ್ರಯೋಗ ನಡೆಸುವ ಸಾಹೇಬರು ನೋಡಿಬಿಟ್ಟರು. "ನೀರು ಸೋಕಬಾರ್ದು ಅಂತ ಗೋಡೆ ಮೇಲೆ ಬರೆದಿಲ್ವಾ?"

"ಇಂಗ್ಲಿಷಿನಾಗೆ ಐತೆ ಸಾರ್."

"ನಾಳೆಯಿಂದ ಬರಬೇಡ."

ಗುಂಡಿಗೆ ಜಗ್ಗದ ನೂಲು ನನ್ನ ನಾಲ್ಕು ಹನಿಗೆ ಕೆಟ್ಟಿತಂತೆ. ಈ ಕೆಲಸ ಹೋದರೆ ನನಗೆ ಶೇಂಗಾ ಹೊಲದ ಕೂಲಿಯೇ ಗತಿ. ಸಿಟ್ಟಿನಲ್ಲಿ ಸಾಹೇಬರು ತಿರುಗಿಸುವ ಯಂತ್ರ ಆರಿಸುವುದನ್ನೇ ಮರೆತಿದ್ದರು. ಸಂಜೆ ಬಾಟಲಿ ತೊಳೆಯಲು ಹೋದರೆ, ವಾರಕ್ಕೆ ಬರುವ ಕೆಂಪು ಆಗಲೇ ಬಂದಿತ್ತು.

ಕರೆದು ತೋರಿಸಿದೆ. ಅವರು ಕನ್ನಡಕ ಒರೆಸಿ ಮೂರು ಸಲ ನೋಡಿದರು.

"ನಾನೂ ಇದನ್ನೇ ಯೋಚಿಸ್ತಿದ್ದೆ," ಎಂದರು. ದೊಡ್ಡವರ ಯೋಚನೆ ನನ್ನ ಕೈಗೆ ಬಂದದ್ದು ನನ್ನ ಪುಣ್ಯ. "ನೀರು ಎಷ್ಟು ಹಾಕಿದ್ರಿ?" ದನಿಯಲ್ಲಿ ಈಗ ಮರ್ಯಾದೆಯಿತ್ತು.

"ಅಳತೆ ಇಲ್ಲ ಸಾರ್, ಬೆರಳಿಗೆ ಗೊತ್ತೈತೆ."

"ಹಾಗಾದ್ರೆ ನಾಳೆ ಬೇಗ ಬನ್ನಿ. ಬೆರಳು ಅಳೀಬೇಕು."

ರಾತ್ರಿ ಮುದ್ದೆ, ಹುರುಳಿ ಸಾರು ಉಂಡೆವು. ನಡೆದದ್ದನ್ನೆಲ್ಲ ಹೇಳತೊಡಗಿದೆ. ಬಾಟಲಿ ಕೆಂಪಾಗುವ ಮೊದಲೇ ಅತ್ತೆ ನಿದ್ದೆ ಹೋದರು.